ಓದದ ಕಾಗದಗಳು

ಲೊರೆಟಾ ಹಂದಿಮಾಂಸದ ಹೋಳುಗಳನ್ನು ತಟ್ಟೆಗೆ ಜೋಡಿಸುತ್ತಿದ್ದಾಗ ಎಮೆಟ್ ಕುಂಟುತ್ತ ಚರ್ಚಿನ ನೆಲಮಾಳಿಗೆಗೆ ಇಳಿದು ಬಂದ. ಆರ್ವಿಲ್ ಹಾಸ್ಕಿನ್ಸರನ್ನು ಗುಡ್ಡದ ಮೇಲೆ ಮಣ್ಣು ಮಾಡಿ ಬಂದವರೆಲ್ಲ ಊಟಕ್ಕೆ ಕೂತಿದ್ದರು.

"ಮಣ್ಣಿಗೆ ಬರದವನು ಊಟಕ್ಕೆ ಬಂದ ನೋಡು," ಎಂದಳು ಆರ್ವಿಲ್‌ರ ತಂಗಿ ವೆರ್ನಾ.

"ಹದಿನಾಲ್ಕು ವರ್ಷ ನಿಮ್ಮಣ್ಣಂಗೆ ಓಟು ಹಾಕಿದೀನಿ ಕಣಮ್ಮ. ಅದು ಒಂದೂಟಕ್ಕೂ ಸಾಲಲ್ವಾ?"

ಲೊರೆಟಾ ತಟ್ಟೆಯನ್ನು ಅವನ ಮುಂದಿಟ್ಟಳು. ಆರ್ವಿಲ್ ವಾಷಿಂಗ್ಟನ್ನಿನ ಸಂಸತ್ತಿನಲ್ಲಿದ್ದಷ್ಟು ಕಾಲವೂ ಅವಳೇ ಅವರ ಕಾರ್ಯದರ್ಶಿ.

"ಗಾಜಿನ ಕಾರ್ಖಾನೇಲಿದ್ದ ಮುನ್ನೂರು ಜನಾನೂ ಕಾಗದ ಬರೆದ್ವಿ," ಎಂದ ಎಮೆಟ್. "ಹೊರಗಿಂದ ಬರೋ ಗಾಜಿನ ಸುಂಕ ತೆಗೀಬೇಡಪ್ಪ, ನಮ್ಮ ಕುಲುಮೆ ಆರಿಹೋಗುತ್ತೆ ಅಂತ. ಎಲ್ಲಾ ಓದಿ, ತೆಗೆಯೋಕೇ ಕೈ ಎತ್ತಿದನಲ್ಲ! ಓದದೆ ಇದ್ದಿದ್ರೆ ಕ್ಷಮಿಸ್ತಿದ್ದೆ."

* * *

ಸಂಸತ್ತಿನಲ್ಲಿ ಸುಂಕದ ಮೇಲೆ ಮತ ಹಾಕಬೇಕಿದ್ದ ಆ ಬೆಳಗ್ಗೆ ಆರ್ವಿಲ್ ಟೈ ಬಿಗಿಯುತ್ತ ಕೇಳಿದ್ದರು: "ಊರಿಂದ ಕಾಗದ ಏನಾದ್ರೂ ಬಂತಾ, ಲೊರೆಟಾ?"

"ಹತ್ತಿಪ್ಪತ್ತು ಬಂದಿವೆ ಸರ್. ಅಂಥದ್ದೇನಿಲ್ಲ."

ಒಂದು ಚೀಲದ ತುಂಬ ಕಾಗದ ಅವಳ ಮೇಜಿನಡಿಯಲ್ಲಿತ್ತು. ಸುಂಕ ತೆಗೆಯಲು ಕೈ ಎತ್ತಿದರೆ ಎಂದು ಪಕ್ಷದ ಹಿರಿಯರು ಆರ್ವಿಲ್‌ಗೆ ದೊಡ್ಡ ಸಮಿತಿಯೊಂದರ ಅಧ್ಯಕ್ಷತೆಯ ಆಸೆ ತೋರಿಸಿದ್ದರು. ಆರ್ವಿಲ್ ಮೇಲೇರಿದರೆ ಅವಳೂ ಏರುತ್ತಿದ್ದಳು. ಕಾಗದ ಓದಿದರೆ ಅವರು ಕರಗಿಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು.

ವರ್ಷದೊಳಗೆ ಕಾರ್ಖಾನೆ ಮುಚ್ಚಿತು. ಚುನಾವಣಾ ಸಭೆಯಲ್ಲಿ ಎಮೆಟ್ ಎದ್ದು ನಿಂತು, "ನಮ್ಮ ಕಾಗದ ಓದಿದ್ಯೋ ಇಲ್ವೋ, ಅಷ್ಟು ಹೇಳು!" ಎಂದು ಕೂಗಿದ.

ಆರ್ವಿಲ್ ಲೊರೆಟಾಳತ್ತ ತಿರುಗಿದರು. ಬಿಳಿಚಿಕೊಂಡ ಅವಳ ಮುಖವೇ ಎಲ್ಲ ಹೇಳಿತು. ಮೈಕಿಗೆ ಬಾಗಿ, "ಓದಿದ್ದೆ. ಒಂದೊಂದನ್ನೂ," ಎಂದರು.

ಸೋತರು. ಊರಿಗೆ ಮರಳಿ ಇಪ್ಪತ್ತಾರು ವರ್ಷ ಬದುಕಿದರು. ಅಂಗಡಿ ಬೀದಿಯಲ್ಲಿ ಎಮೆಟ್ ಎದುರಾದಾಗಲೆಲ್ಲ ತಲೆ ತಗ್ಗಿಸಿ ದಾರಿ ಬಿಟ್ಟರು. ಲೊರೆಟಾಳನ್ನು ಮಾತ್ರ ಏಕೆಂದು ಕೇಳಲೇ ಇಲ್ಲ. ಕೇಳಿದ್ದರೆ ಅವಳ ಎದೆಯ ಭಾರ ಒಂದಿಷ್ಟಾದರೂ ಇಳಿಯುತ್ತಿತ್ತು.

* * *

"ಅವರು ಓದಿರಲಿಲ್ಲ, ಎಮೆಟ್." ಲೊರೆಟಾ ಊಟದ ಮೇಜಿನಲ್ಲಿ ಅವನೆದುರು ಕೂತಳು. "ನಾನು ಬಚ್ಚಿಟ್ಟಿದ್ದೆ. ನನ್ನ ಮಾನ ಉಳಿಸೋಕೆ ಅವತ್ತು ಸುಳ್ಳು ಹೇಳಿದ್ರು."

ಎಮೆಟ್ ಅಗಿಯುವುದನ್ನು ನಿಲ್ಲಿಸಿದ.

"ಇವತ್ತು ಹೇಳ್ತೀಯಾ?" ಎಂದ. "ಅವನು ಮಣ್ಣಾದ ಮೇಲೆ?"

ಬೈಯಲಿ, ಉಗಿಯಲಿ ಎಂದು ಅವಳು ಕಾದಳು. ಅವನು ತಟ್ಟೆ ಸರಿಸಿ ಎದ್ದು ಮೆಟ್ಟಿಲು ಹತ್ತಿದ.

ಪುಟ್ಟ ಕಿಟಕಿಯಾಚೆ ಹಿಮ ಹೊದ್ದ ಗುಡ್ಡ. ಅರ್ಧ ದಾರಿಯಲ್ಲಿ ಕಾಲು ಜಾರಿ ಎಮೆಟ್ ಬಿದ್ದುದನ್ನು ಅವಳು ಕಂಡಳು. ಅವನು ಏಳಲು ನೋಡಿದ, ಆಗಲಿಲ್ಲ. ಹಾಗೇ ಅಂಬೆಗಾಲಿಡುತ್ತ, ಹೊಸ ಮಣ್ಣಿನ ಗುಪ್ಪೆಯತ್ತ ಹತ್ತತೊಡಗಿದ.