ಕೆಂಚಯ್ಯನ ಉಸಿರು

ಮಾರಕ್ಕ ಗಂಡನ ಉಸಿರನ್ನು ಬಲೂನಿಗೆ ತುಂಬಿಸಿಕೊಂಡು ಹಾರೋಹಳ್ಳಿ ಬಸ್ಸು ಹತ್ತಿದಳು. ಸೀಟು ಸಿಕ್ಕಿದ್ದು ಬಲೂನಿಗೆ. ಗಂಡ ಕೆಂಚಯ್ಯ ನಿಂತೇ ಬಂದ.

ಅಲ್ಲಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಮಗಳು ಚೈತ್ರಾಳಿಗೆ, ಇದರಲ್ಲಿ ಏನೇನೈತೆ ನೋಡು ಎಂದು ಅವ್ವ ಬಲೂನು ಕೊಟ್ಟಾಗ, ಅಪ್ಪನ ಬ್ರಾಂದಿ ನಾತ ಹಿಡಿಯಲು ಯಂತ್ರ ಬೇರೆ ಬೇಕೇ ಎನಿಸಿತು. ಆದರೂ ಉಸಿರನ್ನು ಯಂತ್ರದ ಉದ್ದನೆಯ ಸಣ್ಣ ಕೊಳವೆಗೆ ಬಿಟ್ಟಳು. ಒಟ್ಟಿಗೆ ಒಳಹೊಕ್ಕ ವಾಸನೆಗಳು ಬೇರೆ ಬೇರೆಯಾಗಿ ಹೊರಬಂದು, ತೆರೆಯ ಮೇಲೆ ದೊಡ್ಡದೊಂದು, ಚಿಕ್ಕದೊಂದು ಗುಡ್ಡ ಎದ್ದವು.

“ದೊಡ್ಡದು ಆಲ್ಕೋಹಾಲ್ ಕಣವ್ವ.”

“ಕುಡಿಯಾದು ಊರಿಗೇ ಗೊತ್ತು ಬುಡು. ಚಿಕ್ಕದು ಯಾವುದು?”

“ಗಂಧಕದ್ದು. ಬೆಳ್ಳುಳ್ಳಿ ತಿಂದ್ರೆ ಬರೋದು.”

ಮಾರಕ್ಕ ಗಂಡನತ್ತ ತಿರುಗಿದಳು. “ಬೆಳ್ಳುಳ್ಳಿ ಮುಟ್ಟಾಕಿಲ್ಲ ಅಂತ ಅಪ್ರಮೇಯಸ್ವಾಮಿಗೆ ಹರಕೆ ಹೊತ್ತಿದ್ಯಲ್ಲ.”

ಕೆಂಚಯ್ಯ ತಲೆ ತಗ್ಗಿಸಿದ. “ಅದರ ವಾಸ್ನೆ ಮುಚ್ಚಾಕೇ ಕುಡೀತಿದ್ದೆ ಕಣೇ. ಬ್ರಾಂದಿ ನಂಗೆ ಸೇರಾಕೇ ಇಲ್ಲ.”