ಇಬ್ಬರಿಗೂ ಬೇಕಾದವನು

"ಎಳೀಬೇಡ್ರೋ ಸೂಳೆಮಕ್ಕಳಾ, ಎತ್ರೋ! ನೆಲ ನಿಮ್ಮಪ್ಪ ಹಾಸಿದ್ದಾ?"

ಗಾರ್ಡ್ ಲಾಠಿಯಿಂದ ನನ್ನ ಭಾವಮೈದುನನ ಹಿಮ್ಮಡಿಗೆ ಬಾರಿಸಿದ. ಬೆಳಗಿನಿಂದ ಸಭೆಯ ಅದೇ ಮೇಜನ್ನು ನಾಲ್ಕನೇ ಸಲ ಎತ್ತುತ್ತಿದ್ದೆವು. ಕಿಟಕಿಯ ಹತ್ತಿರ ಇಟ್ಟರೆ ವಿರೋಧ ಪಕ್ಷದವರ ಕಣ್ಣಿಗೆ ಬಿಸಿಲು. ಗೋಡೆಗೆ ಸರಿಸಿದರೆ ಆಡಳಿತದವರ ಬೆನ್ನಿಗೆ ಬಾಗಿಲು. ಆರು ಜನ ಹೊರುವ ಮೇಜು ಅದು. ಕೂಲಿಗೆ ಬಂದವರು ನಾವಿಬ್ಬರೇ. ಅದರಲ್ಲೂ ನನ್ನ ಎಡಗೈಯಲ್ಲಿ ಉಳಿದಿರುವುದು ಎರಡು ಬೆರಳು.

"ಮೇಜಿಗೇ ಹಿಂಗೆ ಕಿತ್ತಾಡ್ತಾರಲ್ಲ ಭಾವ, ಹೆಸರು ಒಪ್ತಾರಾ ಇವ್ರು?"

"ಬಾಯಿ ಮುಚ್ಕೊಂಡು ಎತ್ತೋ. ಒಪ್ಲಿ ಅಂತ ನಿಮ್ಮಕ್ಕ ಬೆಳಗ್ಗಿಂದ ಒಂದು ತುತ್ತು ಮುಟ್ಟಿಲ್ಲ."

ಪೊಲೀಸರ ಮೇಲಿನ ದೂರು ವಿಚಾರಿಸುವ ಆಯೋಗಕ್ಕೆ ಮೂರು ವರ್ಷದಿಂದ ಅಧ್ಯಕ್ಷನಿರಲಿಲ್ಲ. ಎರಡೂ ಪಕ್ಷದವರು ಒಟ್ಟಿಗೆ ಕೂತು ಒಂದೇ ಹೆಸರಿಗೆ ಸಹಿ ಹಾಕಬೇಕು, ಕಾನೂನು ಹಾಗಿದೆ. ಅವರು ಒಪ್ಪಲಿಲ್ಲ, ನನ್ನ ದೂರು ಅಲ್ಲೇ ಕೊಳೆಯಿತು. ಮಾಡದ ಕಳ್ಳತನ ಒಪ್ಪಿಕೋ ಎಂದು ಠಾಣೆಯಲ್ಲಿ ನನ್ನ ತಮ್ಮನನ್ನು ಬಡಿದು ಕೊಂದಿದ್ದರು. ಅಡ್ಡ ಹೋದ ನನ್ನ ಕೈಯನ್ನು ಅಲ್ಲಿನ ಸಾಹೇಬ ಬೂಟಿನಡಿ ಹಾಕಿ ತಿರುವಿದ್ದ, ಸಿಗರೇಟು ಹೊಸಕಿದ ಹಾಗೆ.

ನಾವು ಬಾಗಿಲ ಹೊರಗೆ ನಿಂತೆವು. ಒಳಗೆ ಮೊದಲು ಬೈಗುಳ, ಆಮೇಲೆ ನಗು.

"ಸದಸ್ಯರು ನಿಮ್ಮವನೊಬ್ಬ, ನಮ್ಮವನೊಬ್ಬ. ಅಧ್ಯಕ್ಷ ಮಾತ್ರ ಇಬ್ಬರಿಗೂ ಬೇಕಾದವನು."

ಚಪ್ಪಾಳೆ ಬಿತ್ತು. ಭಾವಮೈದುನ ನನ್ನ ಭುಜ ಹಿಸುಕಿದ. "ಭಾವ, ಒಪ್ಪಿದ್ರು!" ಅವನ ಕಣ್ಣು ತುಂಬಿತ್ತು.

ಫೋಟೋ ತೆಗೆಯಲು ಜಾಗ ಬೇಕು, ಮೇಜು ಸರಿಸಿ ಎಂದು ಕರೆದರು. ಎತ್ತಿದೆವು. ಪಕ್ಕದ ಕೋಣೆಯಿಂದ ಹೊಸ ಅಧ್ಯಕ್ಷ ಬಂದು ನನ್ನ ಮಗ್ಗುಲಲ್ಲೇ ನಿಂತ. ಮೈಮೇಲೆ ಖಾಕಿ ಇರಲಿಲ್ಲ, ಮೀಸೆ ಬೆಳ್ಳಗಾಗಿತ್ತು. ಅವನೇ. ಆ ಸಾಹೇಬನೇ.

"ಪಾಪ, ಕೈಗೇನಾಯ್ತಪ್ಪಾ? ಮಷೀನಿಗೆ ಸಿಕ್ತಾ?"

"ನಿಮ್ಮ ಬೂಟಿಗೆ."

ನನ್ನ ಮುಖವನ್ನೇ ನೋಡಿದ. "ಓ, ನೀನಾ? ನಿನ್ ತಮ್ಮ ಹೋಗ್ಬಿಟ್ಟ ಅಲ್ವಾ," ಎಂದವನು ಕ್ಯಾಮೆರಾ ಕಡೆ ತಿರುಗಿದ.

ನಾಯಕರಿಬ್ಬರಿಗೂ ಅದು ಕೇಳಿಸಿತ್ತು. ಒಬ್ಬ ಕಾಲರ್ ಸರಿಮಾಡಿಕೊಂಡ. ಇನ್ನೊಬ್ಬ, "ಬೇಗ ಸರಿಸ್ರೋ," ಎಂದ.

ಮೇಜಿನ ನನ್ನ ಕಡೆಯ ತುದಿ ಕೆಳಗೆ ಬಿತ್ತು. ಅಧ್ಯಕ್ಷನ ಪಾದದ ಎಲುಬು ಒಣ ಕಟ್ಟಿಗೆಯಂತೆ ಲಟಕ್ಕೆಂದಿತು. ಹಂದಿಯ ಹಾಗೆ ಕಿರುಚಿದ. ಗಾರ್ಡಿನ ಲಾಠಿ ನನ್ನ ಕಿವಿಗೆ, ಬೆನ್ನಿಗೆ, ಮತ್ತೆ ಅದೇ ಕಿವಿಗೆ ಬಿತ್ತು. ನೆಲಕ್ಕೆ ಬಿದ್ದು ಹಲ್ಲು ಉಗುಳಿದೆ.

"ಹೊಡೀಬೇಡ ಕಣೋ, ಕ್ಯಾಮೆರಾ ಇದೆ," ಎಂದ ಆಡಳಿತದ ನಾಯಕ.

"ಕೈ ಸರಿಯಿಲ್ಲ ಪಾಪ. ಜಾರಿದೆ, ಅಷ್ಟೆ," ಎಂದ ವಿರೋಧದವನು. ಇದಕ್ಕೂ ಇಬ್ಬರೂ ಒಪ್ಪಿದರು.

ಭಾವಮೈದುನ ನನ್ನ ಕಾಲು ಹಿಡಿದುಕೊಂಡ. "ಜಾರ್ತು ಅಂದ್ಬಿಡು ಭಾವ. ಅಕ್ಕನ ಮುಖ ನೋಡಿ ಅಂದ್ಬಿಡು."

"ಜಾರ್ಲಿಲ್ಲ," ಎಂದೆ. ಬಾಯಲ್ಲಿ ರಕ್ತ ತುಂಬಿ ಮಾತು ತೊದಲಿತು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿದೆ. "ಜಾರ್ಲಿಲ್ಲ ಕಣ್ರೋ. ಬಿಟ್ಟೆ!"

ಕ್ಯಾಮೆರಾದವನನ್ನು ಆಚೆ ಕಳಿಸಿ ಬಾಗಿಲು ಹಾಕಿದರು.