ಮುಟ್ಟಿದ ಕಾಯಿ

ಶಹಾಬಾದಿನ ನಮ್ಮ ಕಟ್ಟೆಯಲ್ಲಿ ಚದುರಂಗಕ್ಕೆ ಒಂದೇ ಕಾನೂನು: ಮುಟ್ಟಿದ ಕಾಯಿ ನಡೆಸಲೇಬೇಕು. ಹಿಂದಕ್ಕೆ ತೆಗೆದವನ ಕೆನ್ನೆಗೆ ಎದುರಿನವನು ಬಾರಿಸಬೇಕು. ನಾನು ಲೆಕ್ಕದ ಮಾಸ್ತರ, ಕೈ ಮೊದಲೇ ಪಳಗಿತ್ತು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕಡಿಯುವ ಮಜೀದಸಾಬ ಇಪ್ಪತ್ತು ವರ್ಷ ನನ್ನ ಏಟು ತಿಂದು ನಕ್ಕಿದ್ದ. ಅವನಿಗಿಂತ ನಾನು ಬುದ್ಧಿವಂತ ಎಂಬ ಸೊಕ್ಕು ನನಗೆ. ಸೊಕ್ಕೇ, ಬೇರೆ ಹೆಸರು ಬೇಡ.

ತೊಂಬತ್ತೆರಡರ ಆರಂಭದಲ್ಲಿ ಶೇರಿನ ಹುಚ್ಚು ನಮ್ಮೂರಿಗೂ ಹತ್ತಿತು. ನಾನು ಕಟ್ಟೆಯ ಮೇಲೆ ಉಪದೇಶ ಶುರು ಮಾಡಿದೆ. ಹಾಸಿನ ನಡುವಿನ ಮನೆ ಹಿಡಿ, ವಜೀರನನ್ನು ಅವಸರಕ್ಕೆ ಹೊರಗೆ ತರಬೇಡ, ಮೂರು ನಡೆ ಮುಂದೆ ನೋಡು, ಶೇರಿನಲ್ಲೂ ಇದೇ ಆಟ ಎಂದೆ. ಮಜೀದಸಾಬ ನಂಬಿದ. ಅವನ ಮಗ ಫರ್ಹಾನನ ಎಡಗಣ್ಣು ಕಲ್ಲಿನ ಚೂರು ಸಿಡಿದು ಹೋಗಿತ್ತು. ಕಲ್ಲು ಕೊಯ್ಯುವ ಮಷೀನು ತಂದರೆ ಬಲಗಣ್ಣಾದರೂ ಉಳಿದೀತು ಎಂದು ಗಂಡಹೆಂಡತಿ ಹನ್ನೊಂದು ವರ್ಷ ಕೂಡಿಟ್ಟಿದ್ದನ್ನೆಲ್ಲ ತಂದು ನನ್ನ ಕೈಗಿಟ್ಟ. ಇಬ್ಬರಿಗೂ ಒಂದೇ ಕಂಪನಿಯ ಶೇರು ಕೊಂಡೆ. ಕಾಗದಗಳೆಲ್ಲ ನನ್ನ ಪೆಟ್ಟಿಗೆಯಲ್ಲೇ ಇದ್ದವು.

ಬೇಸಿಗೆಯಲ್ಲಿ ರೇಟು ಕುಸಿಯತೊಡಗಿತು.

"ಮಾಸ್ತರ್ರ, ಇಳೀಲಿಕತ್ತಾದ್ರಿ. ನಮ್ಮವು ಮಾರಿಬಿಡ್ರಿ," ಎಂದ ಮಜೀದಸಾಬ.

"ಮುಟ್ಟಿದ ಕಾಯಿ ಹಿಂದ ತಗೀತಿಯೇನು?" ಎಂದು ಎಲ್ಲರೆದುರು ಅವನ ಕೆನ್ನೆಗೆ ಬಿಟ್ಟೆ. ತುಟಿ ಒಡೆಯಿತು. ಕಟ್ಟೆ ನಕ್ಕಿತು, ಅವನೂ ನಕ್ಕ.

ಮರುದಿನ ಕಲಬುರ್ಗಿಗೆ ಹೋಗಿ ನನ್ನ ಶೇರು ಮಾರಿ ಬಂದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಶೇರುಪೇಟೆಯಲ್ಲಿ ಕೆಟ್ಟ ನಡೆಯನ್ನು ಹಿಂದಕ್ಕೆ ತೆಗೆಯುವವನೇ ಜಾಣ ಎಂದು ನನಗೆ ಆಗಲೇ ಗೊತ್ತಿತ್ತು. ಅವನದನ್ನು ಮಾತ್ರ ಮಾರಲಿಲ್ಲ. ಮಾರಿದ್ದರೆ ನನ್ನ ಮಾತು ತಪ್ಪೆಂದು ಅವನೆದುರು ಒಪ್ಪಬೇಕಾಗುತ್ತಿತ್ತು. ಕಾರಣ ಇಷ್ಟೇ.

ಎರಡು ತಿಂಗಳಲ್ಲಿ ಅವನ ಶೇರು ರದ್ದಿಯಾಯಿತು. ಒಂದು ಮಧ್ಯಾಹ್ನ ಸುತ್ತಿಗೆ ಹಿಡಿದೇ ಮನೆಗೆ ನುಗ್ಗಿದ. ಮೊದಲ ಗುದ್ದಿಗೆ ನನ್ನ ಹಲ್ಲು ಉದುರಿತು. ಎರಡನೆಯದಕ್ಕೆ ಗೋಡೆಗೆ ತಲೆ ಬಡಿದು ಕುಸಿದೆ. ಕುತ್ತಿಗೆ ಹಿಸುಕಿ ಸುತ್ತಿಗೆ ಎತ್ತಿದ.

"ನನ್ನವೂ ಹೋಗ್ಯಾವೋ ಮಜೀದಸಾಬ!" ಎಂದು ಚೀರಿದೆ.

ಅವನ ಕೈ ಸಡಿಲಾಯಿತು. "ನಿಮ್ಮವೂ ಹೋದ್ವೇನ್ರಿ?" ಎಂದವನೇ ತನ್ನ ರುಮಾಲಿನಿಂದ ನನ್ನ ಬಾಯಿಯ ರಕ್ತ ಒರೆಸುತ್ತಾ ಹೋ ಎಂದು ಅತ್ತ. ನಾನೂ ಅತ್ತಂತೆ ಮಾಡಿದೆ. ಥೂ ನನ್ನ ಜನ್ಮಕ್ಕೆ!

ಒಳಗಿನಿಂದ ನನ್ನ ಹೆಂಡತಿ ಜಾನಕೀಬಾಯಿ ಬಂದಳು. "ಸುಳ್ಳ ಹೇಳ್ಯಾರ, ಮಜೀದಭಾಯಿ. ನಮ್ಮವು ಅವಾಗೇ ಮಾರಿ ಬಂದಾರ. ನನಗ ಇದು ನೋಡ್ಲಿಕ್ಕ ಆಗಂಗಿಲ್ಲ."

ಮಜೀದಸಾಬ ರುಮಾಲು ಬಿಸುಟ. ಸುತ್ತಿಗೆ ನನ್ನ ಮೊಳಕಾಲಿಗೆ ಬಿತ್ತು. ಚಿಪ್ಪು ಒಡೆದ ಸದ್ದು ನನಗೇ ಕೇಳಿತು. ಮತ್ತೊಮ್ಮೆ ಅಲ್ಲಿಗೇ ಹೊಡೆದ. ಜಾನಕೀಬಾಯಿ ಅವನ ತೋಳಿಗೆ ಜೋತುಬಿದ್ದಳು, ಇಲ್ಲವಾದರೆ ನಾನು ಉಳಿಯುತ್ತಿರಲಿಲ್ಲ.

ಆಸ್ಪತ್ರೆಗೆ ಪೊಲೀಸ್ ನರಸಪ್ಪ ಬಂದು ಹೇಳಿಕೆ ಕೇಳಿದ. "ಫರ್ಸಿ ಜಾರಿ ಕಾಲ ಮ್ಯಾಲ ಬಿತ್ತು," ಎಂದೆ. ಇದೊಂದರಿಂದಲಾದರೂ ಅವನ ಋಣ ತೀರಲಿ ಎಂಬ ಆಸೆ. ನರಸಪ್ಪ ಬರೆದುಕೊಂಡ.

"ಅದು ಖರೇ ಅಲ್ರಿ, ಸಾಹೇಬರ. ನಾ ಹೊಡದೀನಿ."

ಬಾಗಿಲಲ್ಲಿ ಮಜೀದಸಾಬ ನಿಂತಿದ್ದ. ಅಂಗಿಯ ತುಂಬ ನನ್ನ ರಕ್ತ. ಸುಮ್ಮನಿರು ಎಂದು ಕಣ್ಣಲ್ಲೇ ಬೇಡಿಕೊಂಡೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಏಕವಚನದಲ್ಲಿ ಮಾತಾಡಿಸಿದ.

"ನನ್ನ ಮಗನ ಕಣ್ಣು ನಿನ್ನ ಮಾತಿನ ಮ್ಯಾಲ ಇಟ್ಟಿದ್ದೆ. ಇನ್ನ ನನ್ನ ಜೀವಾನೂ ನಿನ್ನ ಮಾತಿನ ಮ್ಯಾಲ ಇಡಂಗಿಲ್ಲ."

ನರಸಪ್ಪ ನಾನು ಹೇಳಿದ್ದಕ್ಕೆ ಅಡ್ಡಗೆರೆ ಎಳೆದು, ಅವನು ಹೇಳಿದ್ದನ್ನು ಬರೆದುಕೊಂಡ.